ಯಾರು ಎಲ್ಲಿ ಕೂರುತ್ತಾರೆ?

ಶಾರ್ಜಾ
12 ಜೂನ್ 2004

ರಶ್ಮಿತಾ ಅವರಿಗೆ,

ನಮಸ್ಕಾರ. ಹರಿನಾಥರು ನನ್ನ ಬಗ್ಗೆ ನಿಮಗೆ ಏನೇನು ಹೇಳಿದ್ದಾರೋ ಗೊತ್ತಿಲ್ಲ, ಅದರಲ್ಲಿ ಅರ್ಧ ಬಿಟ್ಟು ಉಳಿದದ್ದನ್ನು ನಂಬಿದರೆ ಸಾಕು. ನಾನು ಕುಂಜತ್ತೂರಿನವನು. ಇಪ್ಪತ್ತಾರು ವರ್ಷದಿಂದ ಇಲ್ಲಿಯ ಒಂದು ಅಡುಗೆ ಕಂಪೆನಿಯಲ್ಲಿದ್ದೇನೆ. ಸೇರಿದ್ದು ಪಾತ್ರೆ ತೊಳೆಯಲಿಕ್ಕೆ. ಈಗ ಹೊಸದಾಗಿ ಮ್ಯಾನೇಜರ್ ಆದವರನ್ನು ಒಬ್ಬೊಬ್ಬರಾಗಿ ಎದುರು ಕೂರಿಸಿಕೊಂಡು ಮಾತಾಡಿಸುವುದು ನನ್ನ ಕೆಲಸ. ವಾರಕ್ಕೆ ಒಂದು ಗಂಟೆ, ಬಾಗಿಲು ಹಾಕಿ, ಇಬ್ಬರೇ. ಇದಕ್ಕೆ ಕೋಚಿಂಗ್ ಎನ್ನುತ್ತಾರೆ.

ಕಳೆದ ತಿಂಗಳು ಹರಿನಾಥರು ಊರಿನಿಂದ ಇಲ್ಲಿಗೆ ಬಂದಿದ್ದಾಗ ಕನ್ನಡ ಸಂಘದ ಊಟದಲ್ಲಿ ಸಿಕ್ಕಿದರು. ತಮ್ಮ ಗೇರುಬೀಜದ ಕಾರ್ಖಾನೆಗೆ ಮೊದಲ ಸಲ ಹೆಂಗಸೊಬ್ಬರನ್ನು ಮ್ಯಾನೇಜರ್ ಮಾಡಿದ್ದೇನೆ, ಆರು ತಿಂಗಳು ನೋಡುತ್ತೇನೆ, ಅಷ್ಟರಲ್ಲಿ ಅವರನ್ನು ತಯಾರು ಮಾಡಿಕೊಡಬಹುದೇ ಎಂದರು. ಯಾವ ಕಾರ್ಖಾನೆ ಎಂದು ಗೊತ್ತಾದ ಕೂಡಲೇ ಒಪ್ಪಿದೆ. ನಮ್ಮೂರಿನದಲ್ಲವೇ. ಅಲ್ಲಿಯ ಫೋನು ಅವರ ಮೇಜಿನ ಮೇಲೆಯೇ ಇದೆಯಂತೆ, ಹಾಗಾಗಿ ಕಾಗದ.

ನೀವು ಬರೆದದ್ದು ನನ್ನ ಹತ್ತಿರವೇ ಉಳಿಯುತ್ತದೆ. ಕೊನೆಗೆ ಒಂದು ವರದಿ ಕೊಡಿ ಎಂದು ಹರಿನಾಥರು ಕೇಳಿದರು, ಆಗುವುದಿಲ್ಲ ಎಂದಿದ್ದೇನೆ. ಇನ್ನೊಂದು, ನಾನು ಬುದ್ಧಿ ಹೇಳುವುದಿಲ್ಲ. ಬರೀ ಪ್ರಶ್ನೆ ಕೇಳುತ್ತೇನೆ. ಉತ್ತರ ನಿಮ್ಮ ಹತ್ತಿರವೇ ಇರುತ್ತದೆ, ಅದು ಹೊರಗೆ ಬರುವವರೆಗೆ ಕಾಯುವುದಷ್ಟೇ ನನ್ನ ಕಸುಬು.

ಮೊದಲ ಪ್ರಶ್ನೆ: ಆ ಕಾರ್ಖಾನೆಯಲ್ಲಿ ದಿನದ ಯಾವ ಹೊತ್ತು ನಿಮಗೆ ಎಲ್ಲಕ್ಕಿಂತ ಕಷ್ಟ?

ಇಂತಿ,
ಅಬೂಬಕರ್

*

ಕುಂಜತ್ತೂರು
27 ಜೂನ್ 2004

ಅಬೂಬಕರ್ ಸಾಹೇಬರಿಗೆ,

ನಮಸ್ಕಾರಗಳು. ಕೋಚಿಂಗ್ ಎಂದ ಕೂಡಲೇ ನನಗೆ ಎಸ್ಸೆಸ್ಸೆಲ್ಸಿಯ ಗಣಿತದ ಟ್ಯೂಷನ್ ನೆನಪಾಯಿತು. ಅದರಲ್ಲಿ ನಾನು ಪಾಸಾದದ್ದು ಮೂವತ್ತೇಳು ಮಾರ್ಕಿನಲ್ಲಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಬೇಸರ ಮಾಡಿಕೊಳ್ಳಬಾರದು.

ಊರು ಪೆರ್ಲ, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಈ ಕಾರ್ಖಾನೆಯ ಆಫೀಸಿನಲ್ಲಿ ಒಂಬತ್ತು ವರ್ಷ ಗುಮಾಸ್ತೆ. ಮೂರು ಜನ ಮ್ಯಾನೇಜರರು ಬಂದು ಹೋದರು. ಮೂವರಿಗೂ ಕೆಲಸ ಕಲಿಸಿದ್ದು ನಾನು, ಕುರ್ಚಿ ಸಿಕ್ಕಿದ್ದು ಅವರಿಗೆ. ಈಗ ನನಗೂ ಸಿಕ್ಕಿದೆ. ಸಾಹೇಬರೇ, ನನಗೆ ಈ ಕೆಲಸ ಬೇಕು. ನವೆಂಬರಿನೊಳಗೆ ಸರಿಹೋಗದಿದ್ದರೆ ಹರಿನಾಥಣ್ಣನ ಅಕ್ಕನ ಮಗ ಸುಧೀರ್ ಮಂಗಳೂರಿನಿಂದ ಬರುತ್ತಾನೆ ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು.

ಕಷ್ಟದ ಹೊತ್ತು ಬೆಳಿಗ್ಗೆ ಎಂಟು ಗಂಟೆ. ಸಿಪ್ಪೆ ತೆಗೆಯುವ ಹಾಲಿಗೆ ಕಾಲಿಡುವುದು. ನೂರಹತ್ತು ಹೆಂಗಸರು ನೆಲದಲ್ಲಿ ಕೂತು, ಚಿಕ್ಕ ಚಾಕು ಹಿಡಿದು ಬೀಜದ ಕೆಂಪು ಸಿಪ್ಪೆ ತೆಗೆಯುತ್ತಾರೆ. ಬೀಜ ಇಡಿಯಾಗಿ ಉಳಿದರೆ ಬೆಲೆ, ತುಂಡಾದರೆ ಇಲ್ಲ. ಇತ್ತೀಚೆಗೆ ತುಂಡು ಜಾಸ್ತಿಯಾಗಿದೆ, ಅದನ್ನು ಕೇಳಬೇಕೆಂದು ಹೋಗುತ್ತೇನೆ. ಅಷ್ಟರಲ್ಲಿ ಈಶ್ವರಿ, ನಲ್ವತ್ತು ವರ್ಷ ಇಲ್ಲೇ ಕೆಲಸ ಮಾಡಿದವಳು, ತಲೆ ಎತ್ತಿ "ಎಂತ ಮಗಾ, ತಿಂಡಿ ಆಯ್ತಾ?" ಎನ್ನುತ್ತಾಳೆ. ಆಯ್ತು ಎಂದು ಹೇಳಿ ಹಾಗೇ ವಾಪಸು ಬರುತ್ತೇನೆ. ತಿಂಡಿ ಕೇಳಿದವಳ ಹತ್ತಿರ ತುಂಡು ಬೀಜದ ಲೆಕ್ಕ ಹೇಗೆ ಕೇಳುವುದು?

ಇಂತಿ ನಮಸ್ಕಾರಗಳೊಂದಿಗೆ,
ರಶ್ಮಿತಾ

*

ಶಾರ್ಜಾ
11 ಜುಲೈ 2004

ಪ್ರಿಯ ರಶ್ಮಿತಾ,

ನಿಮ್ಮ ಕಾಗದ ಓದಿ ಒಬ್ಬನೇ ನಕ್ಕೆ. ಪಕ್ಕದ ಮೇಜಿನ ಫಿಲಿಪ್ಪೀನಿ ಹುಡುಗಿ ಏನೆಂದು ಕೇಳಿದಳು. ಈಶ್ವರಿಯ ತಿಂಡಿಯನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲು ನನ್ನಿಂದಾಗಲಿಲ್ಲ.

ಇಲ್ಲಿ ಒಬ್ಬ ಹುಡುಗ ಇದ್ದ. ಅಡುಗೆಮನೆಯ ಮುಖ್ಯಸ್ಥನಾದ ದಿನದಿಂದ ಎಲ್ಲರಿಗೂ ಬೈಯತೊಡಗಿದ. ನಾಲ್ಕು ವಾರ ಅವನ ಎದುರು ಕೂತು, ಮನೆಯಲ್ಲಿ ನಿನಗೆ ಅಡುಗೆ ಕಲಿಸಿದ್ದು ಯಾರು, ಅವರು ಹೇಗೆ ಕಲಿಸಿದರು ಎಂದಷ್ಟೇ ಕೇಳಿದೆ. ಐದನೆಯ ವಾರ ಅವನಾಗಿಯೇ ದನಿ ತಗ್ಗಿಸಿದ. ನಾನು ಬೈಯಬೇಡ ಎಂದು ಹೇಳಿದ್ದರೆ ನನ್ನ ಕಣ್ಣೆದುರು ಮಾತ್ರ ತಗ್ಗಿಸುತ್ತಿದ್ದ.

ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ತಿಂಡಿ ಕೇಳುವವಳು ನಿಮ್ಮನ್ನು ಸಣ್ಣವಳು ಮಾಡುತ್ತಿದ್ದಾಳೆಯೇ, ಹತ್ತಿರದವಳು ಮಾಡುತ್ತಿದ್ದಾಳೆಯೇ? ಅದನ್ನು ಯೋಚಿಸಿ.

ಇನ್ನೊಂದು. ಆ ಹಾಲಿನಲ್ಲಿ ಯಾರು ಎಲ್ಲಿ ಕೂರುತ್ತಾರೆ? ಅಲ್ಲೇ ಯಾಕೆ? ಹಳಬರು ಯಾರು ಯಾವ ಜಾಗದಲ್ಲಿ ಕೂರುತ್ತಿದ್ದರು ಎಂಬುದೂ ಗೊತ್ತಾದರೆ ಬರೆಯಿರಿ.

ನಿಮ್ಮ,
ಅಬೂಬಕರ್

*

ಕುಂಜತ್ತೂರು
30 ಜುಲೈ 2004

ಪ್ರೀತಿಯ ಕಾಕನಿಗೆ,

ಹೀಗೆ ಕರೆಯಬಹುದಲ್ಲ? ಸಾಹೇಬರೇ ಎಂದು ಬರೆಯುವಾಗ ಪೆನ್ನು ಬಿಗಿಯುತ್ತದೆ.

ನಿಮ್ಮ ಪ್ರಶ್ನೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಅಪ್ಪ ಜಗಲಿಯಲ್ಲಿ ಕೂತು "ದನಕ್ಕೆ ನೀರು ಇಟ್ಟಾಯ್ತಾ?" ಎಂದು ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಎದ್ದು ಹೋಗಿ ನೀರು ಇಡುತ್ತೇವೆ. ದೊಡ್ಡವರು ಕೇಳಿದರು ಎಂದರೆ ಕೆಲಸ ಇನ್ನೂ ಆಗಿಲ್ಲ ಎಂದೇ ಲೆಕ್ಕ. ನೀವು ಯಾರು ಎಲ್ಲಿ ಕೂರುತ್ತಾರೆ ಎಂದು ಕೇಳಿದಾಗಲೇ ನನಗೆ ಹೊಳೆಯಿತು. ಆ ಹಾಲಿನಲ್ಲಿ ಒಂದು ಕ್ರಮವೇ ಇಲ್ಲ. ಕಣ್ಣು ಮಂಜಾದವರು ಕತ್ತಲಲ್ಲಿ, ಮೆಲ್ಲಗೆ ಕೆಲಸ ಮಾಡುವವರು ಬೆಳಕಿನಲ್ಲಿ.

ಎರಡು ವಾರದ ಲೆಕ್ಕ ತೆಗೆದು ಪಟ್ಟಿ ಮಾಡಿದೆ. ಚುರುಕಿನವರು ಕಿಟಕಿಯ ಸಾಲಿಗೆ, ಮಧ್ಯಮದವರು ನಡುವಿಗೆ, ಉಳಿದವರು ಹಿಂದೆ. ಹೆಸರು ಬರೆದು, ಸಹಿ ಹಾಕಿ, ಸೋಮವಾರ ಬೆಳಿಗ್ಗೆ ಬಾಗಿಲಿಗೆ ಅಂಟಿಸಿದೆ. ಯಾರೂ ಒಂದು ಮಾತಾಡಲಿಲ್ಲ. ಎದ್ದು ಹೋಗಿ ಹೇಳಿದಲ್ಲಿ ಕೂತರು. ಒಂಬತ್ತು ವರ್ಷದಲ್ಲಿ ನನ್ನ ಮಾತನ್ನು ಇಷ್ಟು ಜನ ಒಟ್ಟಿಗೆ ಕೇಳಿದ್ದು ಇದೇ ಮೊದಲು. ಹರಿನಾಥಣ್ಣನೂ ಮೆಚ್ಚಿಕೊಂಡರು. ಇದೆಲ್ಲ ನಿಮ್ಮಿಂದ.

ನಿಮ್ಮ,
ರಶ್ಮಿತಾ

*

ಶಾರ್ಜಾ
16 ಆಗಸ್ಟ್ 2004

ಪ್ರಿಯ ರಶ್ಮಿತಾ,

ಕಾಕ ಎಂದದ್ದು ಸಂತೋಷ. ಇನ್ನು ನಾನೂ ನೀನು ಎನ್ನುತ್ತೇನೆ.

ಪಟ್ಟಿಯ ವಿಷಯ ಓದಿದೆ. ನಾನು ಕೇಳಿದ್ದು ಬೇರೆ ಕಾರಣಕ್ಕೆ. ಇರಲಿ, ಅದು ಈಗ ಮುಖ್ಯವಲ್ಲ. ಅವರು ಏನೂ ಮಾತಾಡಲಿಲ್ಲ ಎಂದು ಬರೆದಿದ್ದೀಯ. ಆಮೇಲಾದರೂ ಮಾತಾಡಿದರೇ? ಮೊದಲು ಹೇಗೆ ಕೂತಿದ್ದರು ಎಂದು ಎಲ್ಲಿಯಾದರೂ ಬರೆದಿಟ್ಟಿದ್ದೀಯಾ?

ಇಲ್ಲಿ ಸೆಕೆ ವಿಪರೀತ. ಬೇರೆ ವಿಶೇಷವಿಲ್ಲ.

ನಿನ್ನ,
ಅಬೂಬಕರ್

*

ಕುಂಜತ್ತೂರು
6 ಸೆಪ್ಟೆಂಬರ್ 2004

ಅಬೂಬಕರ್ ಸಾಹೇಬರಿಗೆ,

ಆಮೇಲೂ ಮಾತಾಡಲಿಲ್ಲ. ಈಗಲೂ ಇಲ್ಲ. ನೂರಹತ್ತು ಜನ ಇರುವ ಹಾಲಿನಲ್ಲಿ ಚಾಕುವಿನ ಸದ್ದು ಮಾತ್ರ. ಎಂಟಕ್ಕೆ ಸರಿಯಾಗಿ ಬರುತ್ತಾರೆ, ಪಟ್ಟಿಯಲ್ಲಿ ಇದ್ದಲ್ಲಿ ಕೂರುತ್ತಾರೆ, ತೂಕಕ್ಕೆ ಕಮ್ಮಿ ಇಲ್ಲ. ಆದರೆ ನಾಲ್ಕರಲ್ಲಿ ಒಂದು ಬೀಜ ತುಂಡು. ಮೊದಲು ಎಂಟರಲ್ಲಿ ಒಂದಿತ್ತು. ಚುರುಕಿನವರ ಸಾಲಿನಲ್ಲೇ ಹೆಚ್ಚು. ಬೇಕೆಂದೇ ಮಾಡುತ್ತಾರೋ, ಕೈಯೇ ಹಾಗಾಗಿದೆಯೋ ಗೊತ್ತಾಗುವುದಿಲ್ಲ.

ಈಶ್ವರಿ ಈಗ ತಿಂಡಿ ಕೇಳುವುದಿಲ್ಲ. ನಾನು ಒಳಗೆ ಬಂದರೆ "ನಮಸ್ಕಾರ ಮೇಡಂ" ಎನ್ನುತ್ತಾಳೆ. ಹಾಗೆ ಅಂದ ಮೊದಲ ದಿನ ಆಫೀಸಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ಹರಿನಾಥಣ್ಣ ಮೊನ್ನೆ ಸುಧೀರನನ್ನು ಕರೆದುಕೊಂಡು ಬಂದು ಕಾರ್ಖಾನೆಯ ಹಾಲನ್ನೆಲ್ಲ ತೋರಿಸಿದರು. ಹೋಗುವಾಗ ನನಗೆ "ದೀಪಾವಳಿವರೆಗೆ ನೋಡುವ" ಎಂದರು. ಅಷ್ಟೇ ಹೇಳಿದರು.

ಜಾಗ ಬದಲಾಯಿಸಲು ನೀವು ಹೇಳಿದಿರಿ, ನಾನು ಮಾಡಿದೆ. ಈಗ ಬೇರೆ ಕಾರಣಕ್ಕೆ ಕೇಳಿದ್ದು ಎನ್ನುತ್ತೀರಿ. ಆ ಕಾರಣ ಯಾವುದೆಂದು ನನಗೆ ಹೇಳುವ ಹಾಗಿಲ್ಲವೇ?

ರಶ್ಮಿತಾ

*

ಶಾರ್ಜಾ
20 ಸೆಪ್ಟೆಂಬರ್ 2004

ಪ್ರಿಯ ರಶ್ಮಿತಾ,

ಬದಲಾಯಿಸು ಎಂದು ನಾನು ಹೇಳಲಿಲ್ಲ, ಕೇಳಿದೆ ಅಷ್ಟೇ. ಈ ವಾಕ್ಯವನ್ನು ಮೂರು ಸಲ ಹೊಡೆದುಹಾಕಿ ಮತ್ತೆ ಬರೆದೆ. ಮಾತು ಸರಿಯೇ ಇದೆ, ಆದರೆ ನಿನಗೆ ಅದರಿಂದ ಏನೂ ಉಪಯೋಗವಿಲ್ಲ. ದನಕ್ಕೆ ನೀರಿನ ಕತೆ ಓದಿದಾಗಲೇ ನಾನು ಎಚ್ಚರವಾಗಬೇಕಿತ್ತು. ನಾನೂ ಅದೇ ಸೀಮೆಯಲ್ಲಿ ಬೆಳೆದವನು. ಇಲ್ಲಿಯ ಹುಡುಗರಿಗೆ ಕೇಳುವ ಹಾಗೆ ನಿನಗೂ ಕೇಳಿಬಿಟ್ಟೆ.

ತಪ್ಪು ನನ್ನದೆಂದು ಹರಿನಾಥರಿಗೆ ಬರೆಯಲು ತಯಾರಿದ್ದೇನೆ. ಆದರೆ ನೀನು ಬರೆದದ್ದು ನನ್ನ ಹತ್ತಿರವೇ ಉಳಿಯುತ್ತದೆ ಎಂದು ಮಾತು ಕೊಟ್ಟಿದ್ದೇನೆ. ನೀನು ಹೂಂ ಎಂದರೆ ಮಾತ್ರ ಬರೆಯುತ್ತೇನೆ.

ಆ ಕಾರಣ ಏನೆಂದು ಕೇಳಿದ್ದೀಯ. ಅಂಥ ದೊಡ್ಡದೇನಿಲ್ಲ, ಹಳೆಯ ಊರಿನ ಕುತೂಹಲ.

ಈಗ ಒಂದು ಪ್ರಶ್ನೆ ಉಂಟು. ದಯವಿಟ್ಟು ಇದಕ್ಕೆ ಉತ್ತರ ಮಾತ್ರ ಬರೆ, ಏನನ್ನೂ ಮಾಡಬೇಡ. ಈಶ್ವರಿ ನಮಸ್ಕಾರ ಮೇಡಂ ಎಂದಾಗ ನೀನು ಏನು ಹೇಳಿದೆ?

ನಿನ್ನ,
ಅಬೂಬಕರ್ ಕಾಕ

*

ಕುಂಜತ್ತೂರು
12 ಅಕ್ಟೋಬರ್ 2004

ಪ್ರೀತಿಯ ಕಾಕನಿಗೆ,

ಏನೂ ಹೇಳಲಿಲ್ಲ. ತಲೆ ಆಡಿಸಿ ಮುಂದೆ ಹೋದೆ. ಇಷ್ಟನ್ನೇ ಬರೆದು ಕವರಿಗೆ ಹಾಕಲು ಹೊರಟೆ, ಆಗಲಿಲ್ಲ. ಬರೆದದ್ದನ್ನು ಓದಿಕೊಂಡಾಗ ಗೊತ್ತಾಯಿತು. ಅವರು ಮಾತು ಬಿಟ್ಟದ್ದಲ್ಲ, ನಾನು ಬಿಟ್ಟದ್ದು. ಪಟ್ಟಿ ಅಂಟಿಸಿದ ದಿನದಿಂದ ನಾನೇ ಬಾಯಿ ಬಿಟ್ಟಿರಲಿಲ್ಲ.

ಹಾಗಾಗಿ ನಿಮ್ಮ ಮಾತು ಮೀರಿ ಒಂದು ಕೆಲಸ ಮಾಡಿದೆ. ಮರುದಿನ ಏಳೂವರೆಗೇ ಹೋಗಿ ಹಾಲಿನ ನಡುವೆ ನೆಲದಲ್ಲಿ ಕೂತೆ. ಎಲ್ಲರೂ ಬಂದ ಮೇಲೆ, "ಪಟ್ಟಿ ಹಾಕಿದ್ದು ನನ್ನ ತಪ್ಪು. ನೀವು ಮೊದಲು ಕೂತಿದ್ದ ಜಾಗದಲ್ಲಿ ಯಾಕೆ ಕೂತಿದ್ದಿರಿ ಅಂತ ನಾನು ಕೇಳ್ಬೇಕಿತ್ತು. ಈಗ ಕೇಳ್ತಿದ್ದೇನೆ" ಎಂದೆ. ಆಮೇಲೆ ಈಶ್ವರಿ, "ಇದನ್ನು ಜುಲೈಯಲ್ಲಿ ಕೇಳಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು ಮಗಾ?" ಎಂದಳು. ಅವಳು ಮಗಾ ಎಂದದ್ದೇ ನನಗೆ ಸಾಕಾಯಿತು.

ಮತ್ತೆ ಶುರುವಾಯಿತು ನೋಡಿ. ಅಮ್ಮಣಿಗೆ ಒಂದು ಕಣ್ಣು ಕಾಣುವುದಿಲ್ಲ, ಅವಳಿಗೆ ಬಿಡಿಸಲಾಗದ ಬೀಜಗಳನ್ನು ಹದಿನೈದು ವರ್ಷದಿಂದ ಈಶ್ವರಿ ತನ್ನ ಮೊರಕ್ಕೆ ಹಾಕಿಕೊಳ್ಳುತ್ತಿದ್ದಾಳೆ. ನಾನು ಅವರನ್ನು ಹಾಲಿನ ಎರಡು ತುದಿಗೆ ಹಾಕಿದ್ದೆ. ಸತ್ಯವತಿಯೂ ಅವಳ ನಾದಿನಿಯೂ ಮಾತು ಬಿಟ್ಟು ಏಳು ವರ್ಷವಾಯಿತಂತೆ, ಇಬ್ಬರ ನಡುವೆ ಒಂದು ಕಂಬ ಬೇಕೇ ಬೇಕು. ನನ್ನ ಪಟ್ಟಿಯಲ್ಲಿ ಅವರು ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದರು. ಕೈ ನಡುಗದೆ ಇರುತ್ತದೆಯೇ?

ಬಾಗಿಲ ಬಳಿಯ ಜಾಗಕ್ಕೆ ಈಗಲೂ ಉಮ್ಮಾಲಿಮ್ಮನ ಜಾಗ ಎನ್ನುತ್ತಾರೆ. ಧೂಳು ಬರುವ ಜಾಗ, ಯಾರಿಗೂ ಬೇಡ. ಹಿಂದೆ ಇಲ್ಲಿ ಕೆಲಸಕ್ಕಿದ್ದ ಉಮ್ಮಾಲಿಮ್ಮ ಅದನ್ನೇ ಕೇಳಿ ತೆಗೆದುಕೊಂಡಿದ್ದರಂತೆ. ನಾಲ್ಕು ಗಂಟೆಗೆ ಅವರ ಮಗ ಶಾಲೆ ಬಿಟ್ಟು ಇದೇ ರಸ್ತೆಯಲ್ಲಿ ಹೋಗುತ್ತಿದ್ದ. ಕಾರ್ಖಾನೆ ಹತ್ತಿರ ಬಂದ ಕೂಡಲೇ ರಸ್ತೆಯ ಆಚೆ ಬದಿಗೆ ದಾಟಿ, ಮುಖ ತಿರುಗಿಸಿ, ಬೇಗಬೇಗ ನಡೆಯುತ್ತಿದ್ದನಂತೆ. "ಅವನಿಗೆ ನಾಚಿಕೆ, ಉಮ್ಮನದ್ದು ಬೀಜದ ಕೆಲಸ ಅಂತ. ನಾವೆಲ್ಲ ನೆಗಾಡುದು. ಉಮ್ಮಾಲಿಮ್ಮ ಮಾತ್ರ ಅವ ಕಾಣದಾಗುವವರೆಗೆ ಚಾಕು ಕೆಳಗಿಟ್ಟು ನೋಡುದು" ಎಂದಳು ಈಶ್ವರಿ. ಆ ಹುಡುಗ ಗಲ್ಫಿಗೆ ಹೋಗಿ ಅವರನ್ನು ಕೆಲಸ ಬಿಡಿಸಿದನಂತೆ. ನಿಮ್ಮ ಪ್ರಶ್ನೆಯ ಬೆಲೆ ನನಗೆ ಈಗ ಗೊತ್ತಾಯಿತು ಕಾಕ.

ಜಾಗದ ವಿಷಯ ಅವರಿಗೇ ಬಿಟ್ಟೆ. ಮುಕ್ಕಾಲು ಪಾಲು ಹಳೆಯ ಜಾಗಕ್ಕೇ ಹೋದರು. ಕಣ್ಣು ಸಾಲದ ಆರು ಜನರಿಗೆ ಕಿಟಕಿಯ ಪಕ್ಕ ಅವರವರೇ ಬಿಟ್ಟುಕೊಟ್ಟರು. ತುಂಡು ಇನ್ನೂ ಪೂರ್ತಿ ಇಳಿದಿಲ್ಲ.

ಹರಿನಾಥಣ್ಣನಿಗೆ ಬರೆಯಬೇಡಿ. ಪಟ್ಟಿಯಲ್ಲಿ ಇದ್ದದ್ದು ನನ್ನ ಸಹಿ. ಅದನ್ನು ನಾನೇ ಅವರಿಗೆ ಹೇಳಿದ್ದೇನೆ.

ನಿಮ್ಮ,
ರಶ್ಮಿತಾ

*

ಕುಂಜತ್ತೂರು
5 ನವೆಂಬರ್ 2004

ಕಾಕ,

ಉತ್ತರ ಬರಲಿಲ್ಲ. ಉಪವಾಸದ ತಿಂಗಳು, ಪುರುಸೊತ್ತಿಲ್ಲ ಎಂದುಕೊಂಡೆ. ಹರಿನಾಥಣ್ಣನಿಗೆ ಬರೆಯಬೇಡಿ ಎಂದದ್ದು ಬೇಸರವಾಯಿತೇ? ನಿಮ್ಮ ಸಹಾಯ ಬೇಡವೆಂದು ಅಲ್ಲ. ದೀಪಾವಳಿಗೆ ಇನ್ನೊಂದು ವಾರ. ಎರಡು ಸಾಲು ಬರೆದರೂ ಸಾಕು.

ರಶ್ಮಿತಾ

*

ಶಾರ್ಜಾ
17 ನವೆಂಬರ್ 2004

ಮಗಳೇ,

ಬೇಸರವಲ್ಲ. ನಿನ್ನ ಅಕ್ಟೋಬರಿನ ಕಾಗದ ನಾಲ್ಕು ವಾರದಿಂದ ನನ್ನ ಮೇಜಿನ ಮೇಲಿದೆ. ದಿನಕ್ಕೆ ಒಂದು ಸಲವಾದರೂ ತೆಗೆದು ಓದುತ್ತೇನೆ.

ಉಮ್ಮಾಲಿಮ್ಮ ನನ್ನ ಉಮ್ಮ. ರಸ್ತೆ ದಾಟುತ್ತಿದ್ದ ಹುಡುಗ ನಾನು.

ಗೇರು ಎಣ್ಣೆಯಿಂದ ಉಮ್ಮನ ಬೆರಳು ಕಪ್ಪಾಗಿತ್ತು. ಶಾಲೆಯಲ್ಲಿ ಕೇಳಿದರೆ ಉಮ್ಮ ಮನೆಯಲ್ಲೇ ಇರುವುದು ಎನ್ನುತ್ತಿದ್ದೆ. ಇಲ್ಲಿ ಬಂದ ಮೇಲೂ ಅದನ್ನೇ ಹೇಳಿದ್ದೇನೆ, ಹರಿನಾಥರಿಗೂ. ನಾನು ದಾಟುವುದು ಅವರಿಗೆ ಗೊತ್ತಿಲ್ಲ, ಅವರು ಒಳಗೆಲ್ಲೋ ಕತ್ತಲಲ್ಲಿ ಕೂತಿರುತ್ತಾರೆ ಎಂದು ಈ ವಯಸ್ಸಿನವರೆಗೂ ನಂಬಿದ್ದೆ.

ಯಾರು ಎಲ್ಲಿ ಕೂರುತ್ತಾರೆ ಎಂದು ನಾನು ಕೇಳಿದ್ದು ನಿನಗಾಗಿ ಅಲ್ಲ, ನನಗಾಗಿ. ಉಮ್ಮ ಎಲ್ಲಿ ಕೂರುತ್ತಿದ್ದರೆಂದು ತಿಳಿಯುವ ಆಸೆ. ಅವರನ್ನೇ ಕೇಳಬಹುದಿತ್ತು, ಕುಂಜತ್ತೂರಿನಲ್ಲೇ ನನ್ನ ತಂಗಿಯ ಜೊತೆ ಇದ್ದಾರೆ. ಮುಖವಿಲ್ಲ ನನಗೆ. ನಿನ್ನ ಮೂಲಕ ಸದ್ದಿಲ್ಲದೆ ತಿಳಿದುಕೊಳ್ಳೋಣ ಎಂದುಕೊಂಡೆ. ಎದುರು ಕೂತವರ ಗಂಟೆ ಎದುರು ಕೂತವರದ್ದು, ಅದರಲ್ಲಿ ನಮ್ಮ ಬೇನೆ ತುರುಕಬಾರದು ಎಂದು ನಾನು ಇಲ್ಲಿ ಹುಡುಗರಿಗೆ ಪಾಠ ಮಾಡುತ್ತೇನೆ. ನಿನ್ನ ಕೆಲಸಕ್ಕೆ ಕುತ್ತು ಬಂದದ್ದು ನನ್ನ ಈ ಕಳ್ಳತನದಿಂದ. ನೀನು ಕಾರಣ ಕೇಳಿದಾಗಲೂ ಹಳೆಯ ಊರಿನ ಕುತೂಹಲ ಎಂದು ಸುಳ್ಳು ಬರೆದೆ. ನನ್ನನ್ನು ಕ್ಷಮಿಸು.

ಉಪವಾಸ ಮುಗಿದ ಪೆರ್ನಾಲ್ ಹಬ್ಬಕ್ಕೆ ಮನೆಗೆ ಫೋನು ಮಾಡಿದೆ. "ಉಮ್ಮ, ನೀವು ಬಾಗಿಲ ಹತ್ತಿರ ಕೂತುಕೊಳ್ತಿದ್ದಿರಾ?" ಎಂದೆ. "ನಿನ್ನದು ಊಟ ಆಯ್ತಾ?" ಎಂದರು. ಆಯ್ತು ಎಂದೆ. ಮುಂದೆ ಕೇಳಲು ಧೈರ್ಯ ಬರಲಿಲ್ಲ.

ದೀಪಾವಳಿ ಕಳೆಯಿತು. ನಿನ್ನ ಕೆಲಸ ಏನಾಯಿತೆಂದು ಕೇಳಲೂ ಹೆದರಿಕೆ. ಏನೇ ಆಗಿದ್ದರೂ ಒಂದು ಮಾತು ತಿಳಿದಿರಲಿ. ಇಪ್ಪತ್ತಾರು ವರ್ಷದಲ್ಲಿ ನಾನು ಕಂಡ ಮ್ಯಾನೇಜರುಗಳಲ್ಲಿ ತನ್ನ ತಪ್ಪನ್ನು ನೆಲದಲ್ಲಿ ಕೂತು ಹೇಳಿದವರು ಯಾರೂ ಇಲ್ಲ. ಅದನ್ನು ನಾನು ಕಲಿಸಿದ್ದಲ್ಲ.

ನಿನ್ನ,
ಕಾಕ

*

ಕುಂಜತ್ತೂರು
6 ಡಿಸೆಂಬರ್ 2004

ಪ್ರೀತಿಯ ಕಾಕನಿಗೆ,

ಮೊದಲು ನನ್ನ ಸುದ್ದಿ. ದೀಪಾವಳಿ ಕಳೆದು ಎರಡು ವಾರ ಹರಿನಾಥಣ್ಣ ಏನೂ ಹೇಳಲಿಲ್ಲ. ಕಳೆದ ಸೋಮವಾರ ಸುಧೀರನನ್ನು ಕರೆದುಕೊಂಡೇ ಬಂದರು. ತುಂಡಿನ ಲೆಕ್ಕ ನೋಡಿದರು. ಹತ್ತರಲ್ಲಿ ಒಂದಕ್ಕೆ ಇಳಿದಿದೆ, ಮೊದಲಿಗಿಂತಲೂ ಕಮ್ಮಿ. ಆಮೇಲೆ ಹಾಲಿಗೆ ಹೋಗಿ ಈಶ್ವರಿಯ ಎದುರು ನಿಂತು, "ಹೇಗುಂಟು ನಿಮ್ಮ ಮೇಡಂ?" ಎಂದರು.

ಈಶ್ವರಿ ಚಾಕು ನಿಲ್ಲಿಸಲಿಲ್ಲ. "ನಿಮ್ಮ ಅಪ್ಪನ ಕಾಲದಿಂದ ಎಷ್ಟು ಮ್ಯಾನೇಜರ್ ಬಂದ್ರು ಧಣಿ. ತಪ್ಪಾಯ್ತು ಅಂತ ನಮ್ಮತ್ರ ಹೇಳಿದ್ದು ಇವಳೊಬ್ಬಳು. ಈಗಷ್ಟೇ ಸ್ವಲ್ಪ ಕಲಿತಿದ್ದಾಳೆ. ಇನ್ನೊಬ್ಬರಿಗೆ ಮೊದಲಿಂದ ಕಲಿಸ್ಲಿಕ್ಕೆ ನಮಗೆ ಪುರುಸೊತ್ತಿಲ್ಲ" ಎಂದಳು. ಕಂಬದ ಎರಡೂ ಬದಿಯಿಂದ ಸತ್ಯವತಿಯೂ ನಾದಿನಿಯೂ ಒಟ್ಟಿಗೇ ಹೌದು ಎಂದರು. ಏಳು ವರ್ಷದಲ್ಲಿ ಅವರಿಬ್ಬರ ಮಾತು ಕೂಡಿದ್ದು ಅದೊಂದೇ ಸಲವಂತೆ. ಹರಿನಾಥಣ್ಣ ನಕ್ಕುಬಿಟ್ಟರು. ಮರುದಿನ ಖಾಯಂ ಮಾಡಿದ ಕಾಗದ ಕೈಗೆ ಬಂತು. ಅಪ್ಪನಿಗೆ ಓದಿ ಹೇಳಲು ಪೆರ್ಲಕ್ಕೆ ಹೋಗಿ ಬಂದೆ.

ನಿಮ್ಮ ಕಾಗದ ಶುಕ್ರವಾರ ಬಂತು. ಓದಿ ಕೋಪ ಬಂದದ್ದು ಹೌದು, ಸುಳ್ಳು ಹೇಳುವುದಿಲ್ಲ. ಒಂದು ದಿನ ಇತ್ತು. ಆಮೇಲೆ ಹೋಯಿತು. ಕಾಕ, ನಿಮ್ಮ ಪ್ರಶ್ನೆ ನಿಮಗಾಗಿ ಇದ್ದರೂ ಉತ್ತರ ನನಗೂ ಬೇಕಿತ್ತು. ಆ ಹಾಲಿಗೆ ನಾನು ಈಗ ಹೆದರದೆ ಹೋಗುತ್ತೇನೆ. ಈಶ್ವರಿ ತಿಂಡಿ ಕೇಳಿದರೆ ಆಯಿತು ಎಂದು ಹೇಳಿ, ಅವಳದ್ದು ಆಯಿತೇ ಎಂದು ಕೇಳಿ, ಆಮೇಲೆ ತುಂಡಿನ ಲೆಕ್ಕವನ್ನೂ ಕೇಳುತ್ತೇನೆ. ಕೋಪಕ್ಕೆ ಇನ್ನು ಜಾಗ ಎಲ್ಲಿ?

ನಿನ್ನೆ ಭಾನುವಾರ ಈಶ್ವರಿ, "ಜಾಗದ ಕತೆ ಕೇಳಿದ್ದಿಯಲ್ಲ, ಜನವನ್ನೂ ನೋಡು ಬಾ" ಎಂದು ನಿಮ್ಮ ಮನೆಗೆ ಕರೆದುಕೊಂಡು ಹೋದಳು. ನೀವು ಬರೆದ ಒಂದಕ್ಷರವನ್ನೂ ನಾನು ಹೇಳಲಿಲ್ಲ. ನಿಮ್ಮ ಮಗ ನನಗೆ ಕಾಗದದಲ್ಲಿ ಕೆಲಸ ಕಲಿಸುತ್ತಾರೆ ಎಂದೆ ಅಷ್ಟೇ. ಉಮ್ಮ ನನ್ನ ಕೈ ಹಿಡಿದುಕೊಂಡು ಬೆರಳು ನೋಡಿದರು. ಚಹಾ ಕೊಟ್ಟರು, ಬೆಲ್ಲದ ಕಲ್ತಪ್ಪ ಕೊಟ್ಟರು. ಕಾರ್ಖಾನೆಯ ಮಾತು ಬಂತು, ಬಾಗಿಲ ಮಾತು ಬಂತು. ಈಶ್ವರಿ ಹಳೆಯ ನಗೆಮಾತು ತೆಗೆದಳು, ಆ ಹುಡುಗನ ನಾಚಿಕೆಯದ್ದು.

ಉಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನಾಚಿಕೆಯೋ ಎಂತದೋ, ಅವ ಆಚೆ ಬದಿಯಲ್ಲಿ ಹೋದದ್ದೇ ಒಳ್ಳೆದಾಯ್ತು. ಆಚೆ ಬದಿ ಎತ್ತರ ಉಂಟಲ್ಲ. ಈಚೆ ಬಂದಿದ್ರೆ ಕಾಂಪೌಂಡು ಗೋಡೆ ಅಡ್ಡ. ಕೂತಲ್ಲಿಂದ ನನಗೆ ಅವನ ತಲೆಯೂ ಕಾಣ್ತಿರ್ಲಿಲ್ಲ."

ಇದನ್ನು ನಿಮಗೆ ಬರೆಯಬಹುದೇ ಎಂದು ಅವರನ್ನೇ ಕೇಳಿದೆ. ಬರಿ ಎಂದರು.

ನಿಮ್ಮ,
ರಶ್ಮಿತಾ